ಒಂದೇ ಕೈಬರಹದ ಹನ್ನೊಂದು ರಾಜೀನಾಮೆ

ಭಾನುವಾರ, ೧೪ನೇ ತಾರೀಖು
ಮೂರನೇ ಮಹಡಿಯ ಕೋಣೆಯಿಂದ

ಪ್ರೀತಿಯ ಅಕ್ಕನಿಗೆ,

ಮೊದಲು ಬಾಯಿತುಂಬ ಬೈದುಬಿಡು, ಆಮೇಲೆ ಮುಂದಕ್ಕೆ ಓದಿಸಿಕೋ. ಎಂಟು ತಿಂಗಳಲ್ಲಿ ಒಂದೇ ಒಂದು ಕಾರ್ಡು, ಅದರಲ್ಲೂ ‘ಚೆನ್ನಾಗಿದ್ದೇನೆ, ವಿವರ ಆಮೇಲೆ’ ಎಂಬ ನಾಲ್ಕು ಮಾತು. ತಂಗಿ ಎನ್ನಿಸಿಕೊಂಡವಳು ಹೀಗೆ ಮಾಡಬಾರದು. ನೆಪ ಹೇಳಬೇಕೆಂದರೆ ಬೇಕಾದಷ್ಟಿವೆ. ಓವರ್‌ಟೈಮ್ ಇತ್ತು, ಲೇಬರ್ ಆಫೀಸಿಗೆ ಓಡಾಟವಿತ್ತು, ಭಾನುವಾರ ಬಂದರೆ ಸಭೆ. ಯಾವುದೂ ಸುಳ್ಳಲ್ಲ. ಆದರೆ ಇಷ್ಟರ ನಡುವೆ ಒಂದು ಪತ್ರಕ್ಕೆ ಜಾಗವೇ ಸಿಗಲಿಲ್ಲ ಎಂದರೆ ನೀನು ನಂಬುವವಳಲ್ಲ. ಕ್ಷಮಿಸು.

ಭಾವ, ಓದುವವರು ನೀವೇ ಎಂದು ಗೊತ್ತಿರುವುದರಿಂದ ನಿಮಗೂ ಇಲ್ಲೇ ನಮಸ್ಕಾರ. ದಯವಿಟ್ಟು ಲೇತ್ ಮಿಷನ್ನಿನ ಪಕ್ಕ ನಿಂತು ಓದಬೇಡಿ. ಮನೆಗೆ ಹೋಗಿ, ಕೈಯ ಗ್ರೀಸ್ ತೊಳೆದುಕೊಂಡು, ಅಕ್ಕ ಹೊಲಿಗೆ ನಿಲ್ಲಿಸಿ ಎದುರಿಗೆ ಕೂತ ಮೇಲೆ ಓದಿ. ನಿಮಗೆ ಅವಸರದಲ್ಲಿ ಸಾಲು ನುಂಗುವ ಅಭ್ಯಾಸವಿದೆ. ಈ ಸಲ ಒಂದು ಸಾಲೂ ನುಂಗುವ ಹಾಗಿಲ್ಲ. ಬೇಕಾದರೆ ನಡುವೆ ನಿಲ್ಲಿಸಿ ಒಂದು ಲೋಟ ಟೀ ಕುಡಿಯಿರಿ, ಅನುಮತಿ ಕೊಟ್ಟಿದ್ದೇನೆ.

ಅಕ್ಕ, ಸಂತೋಷದ ಸುದ್ದಿ ಮೊದಲು. ಕಾಲರ್ ಅತ್ತಿಗೆ ಹೋದ ಸೋಮವಾರ ಕೆಲಸಕ್ಕೆ ವಾಪಸು ಬಂದಳು. ಹೊಸಬಳಾಗಿ ಅಲ್ಲ. ಅದೇ ಮಿಷನ್ನು, ಅದೇ ನಂಬರು, ಆರು ವರ್ಷದ ಅದೇ ಸರ್ವೀಸು. ಕಂಕುಳಲ್ಲಿ ಮೂರು ತಿಂಗಳ ಹೆಣ್ಣುಮಗು. ಗೇಟಿನ ವಾಚ್‌ಮನ್ ಎಂದಿನಂತೆ ಪಟ್ಟಿ ತೆಗೆದು ಬೆರಳಿಟ್ಟು ಹುಡುಕಿದ, ಹೆಸರು ಸಿಕ್ಕಿತು, ‘ಒಳಗೆ ಹೋಗಮ್ಮ’ ಎಂದ. ಅಷ್ಟೇ. ನೋಡುವವರಿಗೆ ಏನೂ ನಡೆಯಲಿಲ್ಲ. ಆದರೆ ಒಳಗೆ ನಮ್ಮ ಲೈನಿನ ನಲವತ್ತು ಹೆಂಗಸರೂ ಮಿಷನ್ ನಿಲ್ಲಿಸಿ ಕತ್ತು ಉದ್ದ ಮಾಡಿ ಬಾಗಿಲನ್ನೇ ನೋಡುತ್ತಿದ್ದೆವು. ಅವಳು ಹೊಸ್ತಿಲು ದಾಟಿದಾಗ ಯಾರೋ ಕತ್ತರಿಯಿಂದ ಟೇಬಲ್ ಬಡಿದರು, ಆಮೇಲೆ ಎಲ್ಲರೂ ಬಡಿದೆವು. ಮಗು ಹೆದರಿ ಅತ್ತಿತು. ‘ನೋಡ್ರೇ, ಬಂದ ದಿನಾನೇ ಘೋಷಣೆ ಕೂಗ್ತಾ ಇದೆ, ಪಾಂಪ್ಲೆಟ್ಟಿನ ಗಾಳಿ ತಗುಲ್ತು’ ಎಂದರು ಇಸ್ತ್ರಿ ದೊಡ್ಡಮ್ಮ.

ಪಾಂಪ್ಲೆಟ್ ಎಂದರೆ ನಾನು. ಈಗ ಇಲ್ಲಿ ನನಗಿರುವ ಹೆಸರು ಅದೇ. ಬಾಯಿ ತೆರೆದರೆ ಕರಪತ್ರ ಉದುರುತ್ತದೆ ಎಂದು ಅವರ ದೂರು. ನಿಜವೇ. ನನ್ನ ಟ್ರಂಕಿನಲ್ಲಿ ಬಟ್ಟೆಗಿಂತ ಕರಪತ್ರವೇ ಜಾಸ್ತಿಯಾಗಿದೆ. ಕಾಲೇಜು ಕಾಣದವಳಿಗೆ ಅದೇ ಕಾಲೇಜು.

ಇಸ್ತ್ರಿ ಟೇಬಲ್ಲಿನ ದೊಡ್ಡಮ್ಮ ನಿನಗೆ ಗೊತ್ತು. ಕಾಲರ್ ಅತ್ತಿಗೆಯನ್ನು ನೀನು ನೋಡಿಲ್ಲ, ನೀನು ಹೋದ ಹೊಸತರಲ್ಲೇ ಸೇರಿದವಳು. ನನ್ನ ಮುಂದಿನ ಮಿಷನ್ನು. ಅಂಗಿಗೆ ಕಾಲರ್ ಕೂಡಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಮದುವೆಯಾಗಿ ಏಳು ವರ್ಷಕ್ಕೆ ಮೊದಲ ಬಾರಿ ಬಸುರಿಯಾದಳು. ಸಂತೋಷಪಡುವ ಬದಲು ಹೆದರಿದಳು. ಇಲ್ಲಿನ ಪದ್ಧತಿ ನಿನಗೂ ಗೊತ್ತಲ್ಲ. ಹೊಟ್ಟೆ ಕಂಡರೆ ಆಫೀಸಿಗೆ ಕರೆ, ಒಂದು ಕಾಗದಕ್ಕೆ ಸಹಿ, ಮನೆಗೆ. ಹೆತ್ತ ಮೇಲೆ ಬಂದರೆ, ಪುಣ್ಯವಿದ್ದರೆ, ಹೊಸಬಳಾಗಿ ಸೇರಿಸಿಕೊಳ್ಳುತ್ತಾರೆ. ಹಿಂದಿನ ವರ್ಷಗಳೆಲ್ಲ ಸೋಪಿನ ನೀರಿನ ಹಾಗೆ ಮೋರಿಗೆ.

ಹಾಗಾಗಿ ಐದು ತಿಂಗಳವರೆಗೆ ನಾವೆಲ್ಲ ಸೇರಿ ಅವಳ ಹೊಟ್ಟೆಯನ್ನು ಬಚ್ಚಿಟ್ಟೆವು. ನಗಬೇಡ, ನಿಜವಾಗಿಯೂ. ದೊಡ್ಡ ಅಳತೆಯ ಏಪ್ರನ್ ಕೊಟ್ಟೆವು. ಗಂಟೆಗೊಮ್ಮೆ ಅವಳ ಕಟ್ಟಿನಿಂದ ಅಕ್ಕಪಕ್ಕದವರು ಎರಡೆರಡು ಕಾಲರ್ ಎಳೆದುಕೊಂಡು ಹೊಲಿದು ಮರಳಿ ಅವಳ ಬುಟ್ಟಿಗೇ ಹಾಕುತ್ತಿದ್ದೆವು. ಟಾಯ್ಲೆಟ್ಟಿಗೆ ಹೋಗಬೇಕಾದರೆ ಸೂಪರ್‌ವೈಸರ್ ಹತ್ತಿರ ಮೊಳೆಗೆ ನೇತುಹಾಕಿದ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಲೈನಿಗೆ ಒಂದೇ ಬಿಲ್ಲೆ. ನಾವು ನೀರು ಕುಡಿಯುವುದನ್ನು ಕಡಿಮೆ ಮಾಡಿ ನಮ್ಮ ಸರದಿಯನ್ನು ಅವಳಿಗೆ ಬಿಟ್ಟುಕೊಟ್ಟೆವು. ಇದನ್ನು ಒಗ್ಗಟ್ಟು ಎಂದು ನಾನು ಭಾಷಣ ಮಾಡಿದಾಗ ದೊಡ್ಡಮ್ಮ, ‘ಒಗ್ಗಟ್ಟೂ ಇಲ್ಲ, ಎಂಥದೂ ಇಲ್ಲ. ಮೂತ್ರ ಕಟ್ಕೊಂಡು ಕೂತಿದೀವಿ ಅಷ್ಟೇ’ ಎಂದರು. ಆ ಮಾತು ಆ ವಾರ ಪೂರ್ತಿ ನನ್ನನ್ನು ಚುಚ್ಚಿತು. ನಮ್ಮ ಶರೀರಕ್ಕೆ ಇನ್ನೊಬ್ಬರು ಬಿಲ್ಲೆ ಕೊಡುವುದು, ನಾವು ಅದನ್ನು ಹಂಚಿಕೊಂಡು ಹೆಮ್ಮೆಪಡುವುದು! ಯಾವ ನ್ಯಾಯ ಇದು?

ಇನ್ನೊಂದು ಅನ್ಯಾಯವೆಂದರೆ ತಾರೀಖಿನ ಪುಸ್ತಕ. ನಿನ್ನ ಕಾಲದಲ್ಲಿ ಇರಲಿಲ್ಲ, ಆಮೇಲೆ ಶುರುವಾದದ್ದು. ಫ್ಯಾಕ್ಟರಿಯ ನರ್ಸ್ ತಿಂಗಳಿಗೊಮ್ಮೆ ರಿಜಿಸ್ಟರ್ ಹಿಡಿದು ಲೈನಿಗೆ ಬರುವುದು, ಒಬ್ಬೊಬ್ಬರನ್ನೂ ‘ತಾರೀಖು?’ ಎಂದು ಕೇಳುವುದು. ಮುಟ್ಟಿನ ತಾರೀಖು. ಸೂಪರ್‌ವೈಸರ್ ಪಕ್ಕದಲ್ಲೇ ನಿಂತಿರುತ್ತಾನೆ. ಅವನು ನಿನಗೆ ಗೊತ್ತಿರುವವನೇ, ಕೊರಳಲ್ಲಿ ಸೀಟಿ ನೇತುಹಾಕಿಕೊಂಡವನು, ಅವನ ಹೆಸರೂ ಸೀಟಿಯೇ ಆಗಿದೆ ಈಗ. ತಾರೀಖು ತಪ್ಪಿದರೆ ಅವಳ ಹೆಸರಿನ ಮುಂದೆ ಕೆಂಪು ಗುರುತು. ಕೆಲವರಿಗೆ ಏನೆಂದು ಹೇಳದೆ ಮಾತ್ರೆ ಕೂಡ ಕೊಟ್ಟು ನುಂಗಿಸಿದ್ದರು. ಮಗು ಬೇಕೋ ಬೇಡವೋ, ಯಾವಾಗ ಬೇಕು, ಇದು ಹೆಂಗಸು ತಾನೇ ತೀರ್ಮಾನಿಸಬೇಕಾದದ್ದು. ಗಂಡನ ಜೊತೆ ಮಾತಾಡಿಕೊಳ್ಳಲಿ, ಡಾಕ್ಟರನ್ನು ಕೇಳಲಿ, ಅದು ಅವಳಿಷ್ಟ. ಶಿಪ್‌ಮೆಂಟಿನ ತಾರೀಖು ನೋಡಿಕೊಂಡು ಬಸುರಾಗಬೇಕೇ?

ನಾನು ಊಟದ ಹೊತ್ತಿನಲ್ಲಿ ಒಂದು ಉಪಾಯ ಹೇಳಿದೆ. ಮಾರನೆಯ ತಿಂಗಳು ನರ್ಸ್ ಬಂದು ಮೊದಲನೆಯವಳನ್ನು ಕೇಳಿದಳು, ‘ಹನ್ನೆರಡು’ ಎಂದಳು. ಎರಡನೆಯವಳೂ ಹನ್ನೆರಡು. ಹದಿನೈದನೆಯವಳವರೆಗೆ ಬರೆದುಕೊಂಡು ನರ್ಸ್ ಪೆನ್ನು ಕೆಳಗಿಟ್ಟಳು.

‘ಏನ್ರೇ ಇದು? ಎಲ್ರಿಗೂ ಹನ್ನೆರಡೇನಾ?’

‘ಒಂದೇ ಲೈನಲ್ವಾ ಸಿಸ್ಟರ್, ಒಟ್ಟಿಗೇ ಬರುತ್ತೆ’ ಎಂದಳು ಕಾಲರ್ ಅತ್ತಿಗೆ.

ಯಾರೂ ಕೇಳದೆಯೇ ಇಸ್ತ್ರಿ ಟೇಬಲ್ಲಿನಿಂದ ದೊಡ್ಡಮ್ಮ ಕೂಗಿದರು: ‘ನಂದೂ ಹನ್ನೆರಡೇ, ಬರ್ಕೊಳ್ಳಮ್ಮಾ!’

ದೊಡ್ಡಮ್ಮನಿಗೆ ಐವತ್ತೇಳು. ಸೀಟಿ ಕೂಡ ಮುಖ ತಿರುಗಿಸಿಕೊಂಡು ನಕ್ಕ.

ಆದರೆ ಹೊಟ್ಟೆಯನ್ನು ಎಷ್ಟು ದಿನ ಅಂತ ಮುಚ್ಚಿಡಲು ಆಗುತ್ತದೆ. ಒಂದು ದಿನ ಸೀಟಿ ಅವಳ ಮಿಷನ್ನಿನ ಹತ್ತಿರ ನಿಂತು, ‘ಏನಮ್ಮಾ ಕಾಲರ್, ಊಟ ಜಾಸ್ತಿ ಆಯ್ತಾ?’ ಎಂದ. ಐದು ತಿಂಗಳು ಉಸಿರು ಬಿಗಿಹಿಡಿದವಳಿಗೆ ಸಾಕಾಗಿತ್ತೇನೋ. ಸೂಜಿಯ ಮೇಲಿನ ಕಣ್ಣು ತೆಗೆಯದೆ, ‘ಹೂಂ ಸಾರ್, ಇಬ್ಬರ ಊಟ’ ಎಂದುಬಿಟ್ಟಳು.

ಅರ್ಧ ಗಂಟೆಯಲ್ಲಿ ಆಫೀಸಿಗೆ ಕರೆ ಬಂತು. ಅವಳಿಗೆ ಮಾತ್ರ ಅಲ್ಲ, ನನಗೂ.

ಅಕ್ಕ, ಇಲ್ಲಿ ನಾನು ಒಂದು ವಿಷಯ ಹೇಳಬೇಕು. ಭಾವ, ನಿಧಾನವಾಗಿ ಓದಿ. ಆಫೀಸಿನ ಕನ್ನಡಕದವನು ನನ್ನನ್ನು ಕರೆದದ್ದು ಏಕೆಂದರೆ ಅಂಥ ಕಾಗದಗಳನ್ನು ಬರೆಯುತ್ತಿದ್ದವಳು ನಾನು. ನಾಲ್ಕು ವರ್ಷದಲ್ಲಿ ಹನ್ನೊಂದು ಬರೆದಿದ್ದೆ. ಬರೆಯಲು ಬಾರದ ಹೆಂಗಸರಿಗೆ ಸಹಾಯ ಎಂದೇ ಬರೆದೆ. ನನ್ನ ಅಕ್ಷರ ಮುತ್ತಿನ ಹಾಗಿದೆ ಎಂದು ಅವನು ಹೊಗಳುತ್ತಿದ್ದ, ನನಗೆ ಆಫೀಸಿನ ಕುರ್ಚಿಯ ಮೇಲೆ ಕೂತು ಬರೆಯುವ ಹತ್ತು ನಿಮಿಷ ದೊಡ್ಡ ಮರ್ಯಾದೆಯಾಗಿ ಕಾಣುತ್ತಿತ್ತು. ‘ನನ್ನ ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ಮನೆಯ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ.’ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಆ ಹೆಂಗಸರಿಗೆ ತಾವು ಯಾವುದಕ್ಕೆ ಸಹಿ ಹಾಕುತ್ತಿದ್ದೇವೆ ಎಂದು ಗೊತ್ತಿತ್ತು. ಬೇರೆ ದಾರಿ ಇದೆ ಎಂದು ಮಾತ್ರ ಗೊತ್ತಿರಲಿಲ್ಲ, ನನಗೂ ಇರಲಿಲ್ಲ. ಹನ್ನೊಂದನೆಯದನ್ನು ಬರೆದ ವಾರವೇ ಬಸ್ ಸ್ಟಾಪಿನಲ್ಲಿ ಯಾರೋ ಒಂದು ಹಳದಿ ಕರಪತ್ರ ಕೈಗೆ ತುರುಕಿದರು. ಹೆರಿಗೆಗೆ ರಜೆ ಕೊಡುವುದು ಕಾನೂನು, ಬಸುರಿಯನ್ನು ಕೆಲಸದಿಂದ ಕಳಿಸುವುದು ತಪ್ಪು ಎಂದು ಅದರಲ್ಲಿತ್ತು. ಬಸ್ಸಿನಲ್ಲಿ ನಿಂತು ಓದಿದೆ. ನನ್ನ ಸ್ಟಾಪು ದಾಟಿ ಮೂರು ಸ್ಟಾಪು ಮುಂದೆ ಹೋಗಿದ್ದೆ. ಅಲ್ಲಿಂದ ನಡೆದು ವಾಪಸು ಬಂದೆ. ಆ ದಿನದಿಂದ ನಾನು ಪಾಂಪ್ಲೆಟ್.

ಅದು ಕನ್ನಡಕದವನಿಗೆ ಗೊತ್ತಿತ್ತು, ಆದರೂ ಕರೆದ. ಗೊತ್ತಿದ್ದೇ ಕರೆದನೇನೋ.

‘ಬಾಮ್ಮಾ ನಾಯಕಿ, ಕೂತ್ಕೋ. ನಿಮ್ಮ ಅತ್ತಿಗೆಗೆ ಒಂದು ಕಾಗದ ಬರೆದುಕೊಡು, ನಿಂಗೆ ಅಭ್ಯಾಸ ಇದೆಯಲ್ಲ.’

‘ಬರೆಯಲ್ಲ ಸಾರ್.’

‘ಯಾಕೆ, ಕೈ ನೋವಾ?’

‘ಅಕ್ಷರ ಕೆಟ್ಟೋಗಿದೆ ಸಾರ್.’

ಕಾಲರ್ ಅತ್ತಿಗೆ ಕಾಗದ ಮುಟ್ಟಲಿಲ್ಲ. ಅಂದು ಮಧ್ಯಾಹ್ನವೇ ಅವಳನ್ನು ಮಿಷನ್ನಿನಿಂದ ಎಬ್ಬಿಸಿ ಚೆಕಿಂಗ್ ಟೇಬಲ್ಲಿಗೆ ಹಾಕಿದರು. ಅಲ್ಲಿ ಕುರ್ಚಿ ಇಲ್ಲ, ಒಂಬತ್ತು ಗಂಟೆ ನಿಂತೇ ಇರಬೇಕು. ಆರನೇ ತಿಂಗಳು ಹತ್ತಿರವಾಗಿದ್ದ ಹೆಂಗಸು. ತಾನಾಗಿ ಬಿಟ್ಟುಹೋಗಲಿ ಎಂಬ ಲೆಕ್ಕ. ಸಂಜೆ ಅವಳ ಕಾಲು ನೋಡಿದೆವು, ಚಪ್ಪಲಿಯ ಪಟ್ಟಿ ಮಾಂಸದಲ್ಲಿ ಹೂತುಹೋಗಿತ್ತು. ದೊಡ್ಡಮ್ಮ ಆ ಕಾಲನ್ನೇ ನೋಡುತ್ತ, ‘ನಾನೂ ಹೀಗೇ ನಿಂತಿದ್ದೆ. ನನ್ನದು ಉಳೀಲಿಲ್ಲ’ ಎಂದರು. ಇಪ್ಪತ್ತು ವರ್ಷದಿಂದ ಅವರ ಜೊತೆ ಕೆಲಸ ಮಾಡಿದವರೂ ಆ ಮಾತನ್ನು ಅಂದೇ ಮೊದಲು ಕೇಳಿದ್ದು.

ಮರುದಿನ ಬೆಳಿಗ್ಗೆ ಗಂಟೆ ಹೊಡೆಯಿತು. ಕಾಲರ್ ಅತ್ತಿಗೆ ಟೇಬಲ್ಲಿನ ಮುಂದೆ ನಿಂತಳು. ನಾನು ಸ್ಟೂಲನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತು ಹೊಲಿಯತೊಡಗಿದೆ. ನನ್ನ ಪಕ್ಕದವಳು ನಿಂತಳು. ಹತ್ತು ನಿಮಿಷದಲ್ಲಿ ಲೈನಿಗೆ ಲೈನೇ ನಿಂತಿತ್ತು. ಮಿಷನ್ನಿನ ಮುಂದೆ ನಿಂತು ಹೊಲಿಯುವುದು ಏನೆಂದು ನಿನಗೆ ಹೇಳಬೇಕಾಗಿಲ್ಲ. ಒಂದು ಕಾಲು ಪೆಡಲಿನ ಮೇಲೆ, ಇನ್ನೊಂದರ ಮೇಲೆ ಇಡೀ ಮೈಭಾರ, ಬೆನ್ನು ಬಾಗಿ ಪ್ರಶ್ನೆಯ ಚಿಹ್ನೆ. ಸೀಟಿ ಓಡಿ ಬಂದ.

‘ಏನಿದು? ಸ್ಟ್ರೈಕಾ?’

‘ಅಯ್ಯೋ, ಇಲ್ಲ ಸಾರ್. ಕೆಲಸ ನಡೀತಾ ಇದೆ ನೋಡಿ.’

‘ಕೂತ್ಕೊಂಡು ಮಾಡ್ರಿ!’

‘ಅತ್ತಿಗೆ ಕೂತ್ರೆ ಕೂತ್ಕೋತೀವಿ ಸಾರ್.’

ಗಂಟೆಗೆ ಎಂಬತ್ತು ಅಂಗಿ ಇಳಿಯುವ ಲೈನಿನಲ್ಲಿ ಇಪ್ಪತ್ತೇಳು ಇಳಿದವು. ಅದರಲ್ಲಿ ಒಂದಕ್ಕೆ ಎಡತೋಳನ್ನು ಬಲಕ್ಕೆ ಹಚ್ಚಿದ್ದೆ, ಬೇಕೆಂದು ಅಲ್ಲ, ಸೊಂಟ ಹಿಡಿದುಕೊಂಡಿತ್ತು. ಎರಡನೆಯ ದಿನ ಪಕ್ಕದ ಲೈನೂ ನಿಂತಿತು. ಮೂರನೆಯ ದಿನ ಬೆಳಿಗ್ಗೆ ಚೆಕಿಂಗ್ ಟೇಬಲ್ಲಿನ ಹಿಂದೆ ಒಂದು ಕುರ್ಚಿ ಬಂತು. ಯಾರು ತಂದಿಟ್ಟರು ಎಂದು ಯಾರೂ ಒಪ್ಪಿಕೊಳ್ಳಲಿಲ್ಲ. ಸೀಟಿಯೇ ಎಂದು ನನ್ನ ಅನುಮಾನ, ಅವನ ಹೆಂಡತಿಯೂ ಆಗ ಬಸುರಿ. ಕಾಲರ್ ಅತ್ತಿಗೆ ಆ ಕುರ್ಚಿಯಲ್ಲಿ ಕೂತು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ, ‘ಒಳ್ಳೇ ಸಿಂಹಾಸನ ಕಣ್ರೇ, ಒಂದು ಕಾಲು ಮಾತ್ರ ಗಿಡ್ಡ’ ಎಂದಳು.

ಕುರ್ಚಿ ಬಂದರೂ ಕಾಗದದ ಭಯ ಹೋಗಿರಲಿಲ್ಲ. ಹೆರಿಗೆಗೆ ಹೋದವಳನ್ನು ಮತ್ತೆ ಒಳಗೆ ಬಿಡುತ್ತಾರೆಂಬ ಗ್ಯಾರಂಟಿ ಏನು? ಮೂವತ್ತೆಂಟು ಸಹಿ ಹಾಕಿಸಿ ಲೇಬರ್ ಆಫೀಸಿಗೆ ಅರ್ಜಿ ಕೊಟ್ಟೆವು. (ಇಬ್ಬರು ಹಾಕಲಿಲ್ಲ. ಅವರ ಮೇಲೆ ನನಗೆ ಬಂದ ಸಿಟ್ಟು ದೊಡ್ಡಮ್ಮನಿಗೆ ಬರಲಿಲ್ಲ. ‘ಅವರ ಮನೇಲಿ ಒಲೆ ಒಂದೇ ಸಂಬಳದಲ್ಲಿ ಉರಿಯೋದು, ನಿನ್ನ ಕರಪತ್ರದಲ್ಲಿ ಅದು ಬರೆದಿಲ್ವಾ?’ ಎಂದರು. ಬರೆದಿರಲಿಲ್ಲ.)

ವಿಚಾರಣೆಯ ದಿನ ಮೂರು ಜನ ಹೋದೆವು. ಫೈಲುಗಳು ಗೋಡೆಯ ಅರ್ಧದವರೆಗೆ ಬೆಳೆದಿದ್ದ ಕೋಣೆ. ಆಫೀಸರ್ ಮೇಡಂ ಕಡಿಮೆ ಮಾತಿನವರು. ಕನ್ನಡಕದವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ, ನಮ್ಮದೇ ಫ್ಯಾಕ್ಟರಿಯ ಅಂಗಿ, ಕಾಲರ್ ಅತ್ತಿಗೆ ಮೊಣಕೈಯಿಂದ ತಿವಿದು ತೋರಿಸಿದಳು.

‘ನಮ್ಮಲ್ಲಿ ಯಾರನ್ನೂ ತೆಗೆಯೋದಿಲ್ಲ ಮೇಡಂ. ಅವರವರೇ ಬಿಡ್ತಾರೆ. ಮನೆ, ಮಗು ಅಂತ ಇರುತ್ತಲ್ಲ. ನಾಲ್ಕು ವರ್ಷದ ಫೈಲು ತಂದಿದೀನಿ’ ಎಂದು ಹನ್ನೊಂದು ಕಾಗದಗಳನ್ನು ಮೇಜಿನ ಮೇಲೆ ಹರಡಿದ. ಆಮೇಲೆ ನನ್ನ ಕಡೆ ನೋಡಿ ಸ್ವಲ್ಪ ನಕ್ಕ. ನಾನು ಬಾಯಿಬಿಡುವುದಿಲ್ಲ ಎಂದು ಅವನಿಗೆ ಧೈರ್ಯ. ಬಿಟ್ಟರೆ ಮೊದಲು ಮುಖ ಕಪ್ಪಾಗುವುದು ನನ್ನದೇ. ಸುಳ್ಳು ಕಾಗದ ಬರೆದವಳು ಎಂದು ಕೆಲಸವೂ ಹೋಗಬಹುದು.

ಅಕ್ಕ, ಕರಪತ್ರ ಓದುವುದು ಸುಲಭ. ಆ ಎರಡು ನಿಮಿಷ ಮೇಜಿನ ಮೇಲಿದ್ದ ನನ್ನದೇ ಅಕ್ಷರವನ್ನು ನೋಡುತ್ತ ಕೂತೆ. ಪಕ್ಕದಲ್ಲಿ ಅತ್ತಿಗೆ ಎರಡೂ ಕೈ ಹೊಟ್ಟೆಯ ಕೆಳಗೆ ಆನಿಸಿಕೊಂಡು ಕೂತಿದ್ದಳು, ಭಾರದ ಬುಟ್ಟಿಯನ್ನು ಹಿಡಿದುಕೊಂಡವರ ಹಾಗೆ. ನಾನು ಎದ್ದು, ‘ಮೇಡಂ, ಒಂದು ಕಾಗದ, ಪೆನ್ನು ಕೊಡ್ತೀರಾ?’ ಎಂದೆ. ಕೊಟ್ಟರು. ನಿಂತೇ ಬರೆದೆ. ‘ನನ್ನ ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ...’ ಪೂರ್ತಿ ಬರೆದು ಆ ಹನ್ನೊಂದರ ಪಕ್ಕದಲ್ಲಿ ಇಟ್ಟೆ.

ಮೇಡಂ ಒಂದೊಂದನ್ನೇ ಎತ್ತಿ ಪಕ್ಕದಲ್ಲಿ ಹಿಡಿದು ನೋಡಿದರು.

‘ಎಲ್ಲಾ ನಿಮ್ಮ ಅಕ್ಷರಾನಾ?’

‘ಹೌದು ಮೇಡಂ.’

‘ಆ ಹೆಂಗಸರು ಹೇಳಿ ಬರೆಸಿದ್ರಾ?’

‘ಇಲ್ಲ. ಇವರು ಹೇಳಿದ್ರು, ನಾನು ಬರೆದೆ, ಅವರು ಸಹಿ ಹಾಕಿದ್ರು.’

ಮೇಡಂ ಕನ್ನಡಕದವನ ಕಡೆ ತಿರುಗಿ, ದನಿ ಏರಿಸದೆ, ‘ಹನ್ನೊಂದು ಜನಕ್ಕೂ ಬಸುರಿಯಾದಾಗಲೇ ಸ್ವಂತ ಇಚ್ಛೆ ಬಂತಾ? ಅದೂ ಒಂದೇ ಕೈಬರಹದಲ್ಲಿ?’ ಎಂದರು. ಅವನು ಕನ್ನಡಕ ತೆಗೆದು ಒರೆಸಿಕೊಂಡ. ಕನ್ನಡಕವಿಲ್ಲದ ಅವನ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಪಾಪ ಅನ್ನಿಸುವಂಥ ಮುಖ. ಆದರೂ ನನಗೆ ಪಾಪ ಅನ್ನಿಸಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಕಾಲರ್ ಅತ್ತಿಗೆ ನನ್ನ ಪಕ್ಕದಲ್ಲಿ ಕೂತಳು.

‘ನಂದೂ ಬರೀತಿದ್ಯಾ?’ ಎಂದು ಕೇಳಿದಳು.

‘ಆ ಹಳದಿ ಕಾಗದ ಓದದೇ ಇದ್ದಿದ್ರೆ ಬರೀತಿದ್ದೆ.’

ಅವಳು, ‘ಹಾಗಿದ್ರೆ ಓದ್ತಾನೇ ಇರು ಮಾರಾಯ್ತಿ, ನಿಲ್ಲಿಸಬೇಡ’ ಎಂದಳು. ನಿಲ್ಲಿಸಿಲ್ಲ.

ಅವಳು ರಜೆಯ ಅರ್ಜಿ ಕೊಟ್ಟೇ ಹೆರಿಗೆಗೆ ಹೋದಳು. ನನ್ನ ಕೆಲಸ ಹೋಗಲಿಲ್ಲ, ಒಂದು ಎಚ್ಚರಿಕೆಯ ಪತ್ರ ಮಾತ್ರ ಬಂತು, ಅದನ್ನೂ ಟ್ರಂಕಿನಲ್ಲಿ ಕರಪತ್ರಗಳ ಜೊತೆಗೇ ಇಟ್ಟಿದ್ದೇನೆ. ಹೋದ ತಿಂಗಳು ಆದೇಶ ಬಂತು. ಹನ್ನೊಂದು ಜನಕ್ಕೂ ಹಳೆಯ ಸರ್ವೀಸಿನ ಸಮೇತ ಕೆಲಸ ಕೊಡಬೇಕು. ತಾರೀಖಿನ ಪುಸ್ತಕ ಲೇಬರ್ ಆಫೀಸಿಗೆ ಹೋಯಿತು. ಮೊಳೆಯಲ್ಲಿದ್ದ ಬಿಲ್ಲೆಯೂ ಹೋಯಿತು, ಮೊಳೆಗೆ ಈಗ ಸೀಟಿ ತನ್ನ ಛತ್ರಿ ನೇತುಹಾಕುತ್ತಾನೆ. ಇದೇ ರೀತಿ ಕಳಿಸಲ್ಪಟ್ಟವರು ಬೇರೆ ಯಾರಾದರೂ ಇದ್ದರೆ ಈ ತಿಂಗಳ ಮೂವತ್ತರೊಳಗೆ ಹೆಸರು ಕೊಡಬಹುದು ಎಂದೂ ಆದೇಶದಲ್ಲಿದೆ. ಹನ್ನೊಂದರಲ್ಲಿ ಏಳು ಜನ ಸಿಕ್ಕಿದ್ದಾರೆ. ಒಬ್ಬಳು ನನ್ನನ್ನು ಕಂಡು ಬಾಗಿಲು ಹಾಕಿಕೊಂಡಳು, ಮರುವಾರ ತಾನೇ ಬಂದು ಫಾರಂ ತೆಗೆದುಕೊಂಡು ಹೋದಳು. ಇನ್ನೊಬ್ಬಳು, ‘ಎರಡು ಮಕ್ಕಳು ಸಾಕು, ಇನ್ನು ಬೇಡ ಅಂತ ನಾನೇ ಡಾಕ್ಟರ ಹತ್ರ ಹೋಗಿ ತೀರ್ಮಾನ ಮಾಡಿಕೊಂಡೆ. ಯಾರೂ ಮಾತ್ರೆ ತಂದು ಬಾಯಿಗೆ ಹಾಕಲಿಲ್ಲ’ ಎಂದು ತಲೆಯೆತ್ತಿ ಹೇಳಿದಳು. ಅವಳ ಈ ಮಾತೂ ಕಾಲರ್ ಅತ್ತಿಗೆಯ ‘ಇಬ್ಬರ ಊಟ’ದ ಮಾತೂ ನನಗೆ ಒಂದೇ ಎನ್ನಿಸಿತು. ಹೆರುವವಳಿಗೂ ಬೇಡವೆನ್ನುವವಳಿಗೂ ಬೇಕಾದದ್ದು ತನ್ನ ಮೈಯ ಮೇಲೆ ತನ್ನದೇ ಮಾತು ನಡೆಯುವುದು.

ಗೋಡೌನಿನ ಪಕ್ಕದ ಸಣ್ಣ ಕೋಣೆ ಖಾಲಿ ಮಾಡಿಸಿ ಮಕ್ಕಳಿಗೆ ಕೊಟ್ಟಿದ್ದಾರೆ. ಬಟ್ಟೆಯ ರಟ್ಟಿನ ಪೆಟ್ಟಿಗೆಗೆ ಚಿಂದಿ ತುಂಬಿ ನಾವೇ ಹಾಸಿಗೆ ಮಾಡಿದೆವು. ಕಾಲರ್ ಅತ್ತಿಗೆ ಎರಡು ಗಂಟೆಗೊಮ್ಮೆ ಎದ್ದು ಹೋಗಿ ಹಾಲು ಕೊಟ್ಟು ಬರುತ್ತಾಳೆ, ಯಾರನ್ನೂ ಕೇಳದೆ. ನಿನ್ನೆ ಸೀಟಿ ವಾಚು ನೋಡಿ, ‘ಏನಮ್ಮಾ, ಹದಿನೈದು ನಿಮಿಷ ಆಯ್ತು’ ಎಂದ. ಅವಳು, ‘ನಿಮ್ಮ ಟಾರ್ಗೆಟ್‌ನ ಮಗೂಗೆ ಹೇಳಿ ಸಾರ್, ಬೇಗ ಕುಡಿಯುತ್ತೆ’ ಎಂದು ಹಾದುಹೋದಳು. ದೊಡ್ಡಮ್ಮ ಇಸ್ತ್ರಿ ಬಿಟ್ಟು ದಿನಕ್ಕೆ ನಾಲ್ಕು ಸಲ ಆ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಒಳಗೆ ಹೋಗುವುದಿಲ್ಲ, ಬಿಸಿ ಕೈ ಎನ್ನುತ್ತಾರೆ. ನಿನ್ನೆ ಅತ್ತಿಗೆ ಮಗುವನ್ನು ತಂದು ಅವರ ಮಡಿಲಿಗೇ ಹಾಕಿದಳು.

ಇಷ್ಟು ಸಮಾಧಾನವಾಗಿ ನಾನು ಯಾವತ್ತೂ ಭಾನುವಾರ ಕಳೆದಿರಲಿಲ್ಲ. ಕಿಟಕಿಯಾಚೆ ಎದುರು ಮನೆಯವರು ಬಟ್ಟೆ ಒಣಗಿಸುತ್ತಿದ್ದಾರೆ, ಯಾವ ಅಂಗಿ ನಮ್ಮ ಲೈನಿನದು ಎಂದು ಹೊಲಿಗೆ ನೋಡಿಯೇ ಹೇಳಬಲ್ಲೆ. ಬೆನ್ನು ನೋವು ಇದೆ, ಅದು ಇದ್ದದ್ದೇ. ನೀನು ಮನೆಯಲ್ಲಿ ಹೊಲಿಯುವಾಗ ಬೆಳಕಿಗೆ ಮುಖ ಮಾಡಿ ಕೂತುಕೋ. ಭಾವನ ಕೆಮ್ಮಿಗೆ ಡಾಕ್ಟರನ್ನು ಕಾಣುವುದು ಮರೆಯಬೇಡಿ. ನಿಮ್ಮ ಪುಟ್ಟ ಮಗಳು ಗುಂಡಿಗೆ ಚಿಕ್ಕಮ್ಮನ ನೂರು ಮುತ್ತು. ಅವಳು ಚೆನ್ನಾಗಿ ಓದಲಿ, ಎತ್ತರಕ್ಕೆ ಬೆಳೆಯಲಿ, ಯಾರ ಮುಂದೆಯೂ ತಾರೀಖು ಹೇಳುವ ಕಾಲ ಅವಳಿಗೆ ಬಾರದೆ ಇರಲಿ. ಕಿರಿಯಳಾದ ನಾನು ನಿನಗೆ ಹರಸುವ ಹಾಗಿಲ್ಲ, ಆದರೂ ಅಕ್ಕ, ನೀನು ನೆಮ್ಮದಿಯಾಗಿರು.

ಇತಿ,
ನೀನು ಓದಿಸಿ ಬೆಳೆಸಿದ
ನಿನ್ನ ತಂಗಿ

ವಿ. ಸೂ.: ಭಾವ, ನಿಮ್ಮ ಓದು ಇಲ್ಲಿಗೆ ಮುಗಿಯಿತು. ಬೇರೆಯಾಗಿ ಮಡಚಿಟ್ಟಿರುವ ಹಾಳೆಯನ್ನು ಅಕ್ಕನ ಕೈಗೆ ಕೊಡಿ. ಗುಂಡಿಯ ಒಂದನೇ ಕ್ಲಾಸಿನ ಪುಸ್ತಕವನ್ನು ಅವಳ ಜೊತೆ ಕೂತು ತಾನೂ ಓದಿ ಮುಗಿಸಿದಳು ಎಂದು ನೀವೇ ಬರೆದಿದ್ದಿರಿ. ಇದನ್ನು ಅವಳೇ ಓದಲಿ.

ಅಕ್ಕ,

ದೊಡ್ಡದಾಗಿ ಬರೆದಿದ್ದೇನೆ. ಒತ್ತಕ್ಷರ ಬಂದ ಕಡೆ ನಿಧಾನ ಮಾಡು.

ಆ ಫೈಲಿನಲ್ಲಿ ಹನ್ನೊಂದು ಇದ್ದವು. ನಾನು ಬರೆದದ್ದು ಹನ್ನೆರಡು. ಮೊದಲನೆಯದು ಆ ಫೈಲಿಗಿಂತ ಹಳೆಯದು. ಅದು ನಿನ್ನದು.

ರಜೆ ಕೊಡಿ, ಕೆಲಸ ಬಿಡುವುದಿಲ್ಲ, ಎಂಟು ವರ್ಷ ದುಡಿದಿದ್ದೇನೆ ಎಂದು ನೀನು ಆ ಕನ್ನಡಕದವನಿಗೆ ಹೇಳಿದ್ದೆ. ಅವನು ನನ್ನನ್ನು ಕರೆದ. ನಾನು ಆಗ ದಾರ ಕತ್ತರಿಸುವ ಹುಡುಗಿ. ಬರೆದು ಸಹಿ ಹಾಕಿಸು, ಅಕ್ಕನ ಮಿಷನ್ನು ನಿನಗೇ ಎಂದ.

ನಾನು ಬರೆದೆ. ಏನಿದೆ ಓದು ಎಂದೆ ನೀನು. ಕೆಲಸ ಬಿಡುತ್ತೇನೆ ಎಂದು ಬರೆದಿತ್ತು. ನಾನು ಮೂರು ತಿಂಗಳು ರಜೆ ಬೇಕು ಎಂದು ಓದಿದೆ. ನೀನು ಸಹಿ ಹಾಕಿದೆ. ನಿನ್ನನ್ನು ಓದಿಸಿದ್ದು ಸಾರ್ಥಕವಾಯಿತು ಎಂದು ನನ್ನ ತಲೆ ಸವರಿದೆ.

ರಜೆ ಮುಗಿಯುವಾಗ ಗುಂಡಿಗೆ ಜ್ವರ. ನೀನು ನಾಲ್ಕು ದಿನ ತಡವಾಗಿ ಬಂದೆ. ಗೇಟಿನಲ್ಲಿ ಹೆಸರು ಇರಲಿಲ್ಲ. ತಡ ಮಾಡಿದ್ದು ನನ್ನದೇ ತಪ್ಪು ಎಂದುಕೊಂಡೆ ನೀನು. ಹೋಗಲಿ ಬಿಡು, ಮಿಷನ್ನು ಮನೆಯವರ ಕೈಯಲ್ಲೇ ಉಳಿಯಿತಲ್ಲ ಎಂದು ನೀನೇ ನನಗೆ ಸಮಾಧಾನ ಹೇಳಿದೆ. ನಾನು ಸುಮ್ಮನಿದ್ದೆ. ಆರು ವರ್ಷ ಆ ಮಿಷನ್ನಿನ ಮುಂದೆ ಕೂತಿದ್ದೇನೆ.

ಇನ್ನೂ ಬರೆದಿದ್ದೀರಾ ಎಂದು ಮೇಡಂ ಅಂದು ಕೇಳಿದರು. ಇಲ್ಲ ಎಂದೆ.

ನಾಳೆ ಹೋಗಿ ಇನ್ನೊಂದು ಇದೆ ಎಂದು ಹೇಳುತ್ತೇನೆ. ನೀನು ಬಂದರೂ ಹೇಳುತ್ತೇನೆ, ಬರದಿದ್ದರೂ ಹೇಳುತ್ತೇನೆ. ಫಾರಂ ಇದರ ಜೊತೆ ಇದೆ. ನಿನ್ನ ಹೆಸರನ್ನು ನೀನೇ ಬರೆ. ಮೂವತ್ತರೊಳಗೆ ಬಂದರೆ ಮೇಡಂ ಎದುರಿಗೆ, ನನ್ನ ಎದುರಿಗೆ ಹೇಳು, ತಂಗಿ ಸುಳ್ಳು ಓದಿದಳು ಎಂದು. ಮಿಷನ್ನಿನಿಂದ ನಾನು ಏಳುತ್ತೇನೆ. ದಾರ ಕತ್ತರಿಸುವುದು ಮರೆತಿಲ್ಲ.

ಒಂದು ಮಾತು ಉಳಿದಿದೆ. ನಿನ್ನ ಜ್ವರ ನನ್ನ ಕೆಲಸ ನುಂಗಿತು ಎಂದು ಗುಂಡಿಗೆ ತಮಾಷೆ ಮಾಡುತ್ತೀಯಂತೆ. ಅವಳು ಅದನ್ನು ನಿಜ ಎಂದುಕೊಂಡು ಬೆಳೆಯುತ್ತಿದ್ದಾಳೆ. ಇನ್ನು ಹಾಗೆ ಹೇಳಬೇಡ, ಅಕ್ಕ. ಅವಳ ಜ್ವರ ಅಲ್ಲ. ನಾನು.